ರಾಣಿ ತಲ್ಯಾಗಿನ ಸುಳಿ

ಮೊನ್ನೆ ನಮ್ಮ ಮೊಮ್ಮಗಳು ನನ್ನ ಫೋನಿಗೆ ಒಂದು ಫೋಟೋ ಕಳಿಸಿದ್ಲು. ಕಾಡಿಗಿಯಂಥಾ ಆಕಾಶ, ನಡುವ ಬೆಳ್ಳಗ ಒಂದು ಸುರುಳಿ, ಸುತ್ತಲೂ ರವಾ ಚೆಲ್ಲಿದಂಗ ಪುಡಿಪುಡಿ ಬೆಳಕು. ತಳಗ ಬರದಿದ್ಲು: “ಅಜ್ಜಿ, ಇದು ಗ್ಯಾಲಕ್ಸಿ. ಇದರ ಬೆಳಕು ಅಲ್ಲಿಂದ ಹೊಂಟಾಗ ಭೂಮಿ ಮ್ಯಾಲ ಮನಶ್ಯಾರ ಇರಲಿಲ್ಲ. ಇದೊಂದ ಅಲ್ಲ, ಇಂಥವು ಸಾವಿರಾರು ಕೂಡಿ ಒಂದು ಗುಂಪು ಕಟಗೊಂಡು ಇರತಾವು. ನಿನಗ ಆಶ್ಚರ್ಯ ಆಗಲಿಲ್ಲೇನು?”

ಆಗಲಿಲ್ಲ. ಮನಶ್ಯಾರ ಇರಲಿಲ್ಲ ಅನ್ನೂದು ಓದಿ ಒಂದೀಟು ಸಮಾಧಾನ ಆತು, ಅಷ್ಟ. ಇಂಥಾದ್ದೊಂದನ್ನ ನಾ ಹನ್ನೆರಡು ವರ್ಷದಾಕಿ ಇದ್ದಾಗ ಸಾಲ್ಯಾಗಿಂದ ಕದ್ದು, ಉಟ್ಟ ಪರಕಾರದಾಗ ಮುಚ್ಚಿಗೊಂಡು ಮನಿಗೆ ತಂದಿದ್ದೆ. ಹಂಗಂದ್ರ ಆಕಿ ನಂಬಲಿಲ್ಲ. “ಬರದು ಕಳಸು, ಟೈಪ್ ಮಾಡಾಕ ಕಲಿಸೀನೆಲ್ಲಾ” ಅಂದ್ಲು. ಕಲತು ಎರಡು ತಿಂಗಳಾತು. ಒಂದ ಬೆರಳಿಲೆ ಬರಿಯಾಕಿ ನಾನು. ಸುಳ್ಳು ಬರಿಯೂವಷ್ಟು ಪುರಸೊತ್ತು ನನಗಿಲ್ಲ.

ನಮಗೊಬ್ಬಾಂವ ದೊಡ್ಡಪ್ಪ ಇದ್ದ. ಅಪ್ಪನ ಖಾಸ ಅಣ್ಣ ಅಲ್ಲ, ಕಾಕಾನ ಮಗ. ಆದ್ರೂ ಅಪ್ಪಗಿಂತ ಹತ್ತು ವರ್ಷ ದೊಡ್ಡಾಂವ ಅಂತ ನಮ್ಮ ಮನ್ಯಾಗ ಅವಂದ ಮಾತು ನಡೀತಿತ್ತು. ಲಕ್ಷ್ಮೇಶ್ವರದಾಗ ನಮ್ಮ ಓಣ್ಯಾಗ, ನಾಕು ಮನಿ ಆಚೆ ಇರತಿದ್ದ. ಅವನ ವಿದ್ಯಾ ಅಂದ್ರ ಸುಳಿ ನೋಡೂದು. ಮುಂಡರಗಿ ದನದ ಸಂತಿಗೆ ಎತ್ತು ತರಾಕ ಹೋಗೋವ್ರು ಅವನ್ನ ಬಂಡ್ಯಾಗ ಕುಂದ್ರಿಸಿಕೊಂಡು ಒಯ್ಯತಿದ್ರು. ಎತ್ತಿನ ಹಣಿ ಮ್ಯಾಗಿನ ಕೂದಲು ಯಾ ಕಡೆ ತಿರಗೇತಿ, ಬೆನ್ನ ಮ್ಯಾಲ ಎಷ್ಟು ಸುಳಿ ಅದಾವು, ಯಾ ಸುಳಿ ಇದ್ರ ಮನಿಗೆ ಛಲೋ, ಯಾವುದಿದ್ರ ಒಡೆಯಗ ಕೆಡಕು, ಎಲ್ಲಾ ಅವಗ ಬಾಯಿಪಾಠ. ಎತ್ತಿನ ವಿಷಯ ನನಗ ತಿಳಿಯೂದಿಲ್ಲ, ಅದರಾಗ ನಾ ಬಾಯಿ ಹಾಕೂದಿಲ್ಲ. ಎತ್ತಿಗೆ ಅಂವ ಅನ್ಯಾಯ ಮಾಡಿರಲಿಕ್ಕಿಲ್ಲ, ಯಾಕಂದ್ರ ಎತ್ತನ್ನ ಅಂವ ನೇರ ನೋಡತಿದ್ದ.

ಎತ್ತು ಸಾಲದಾಗಿ ಹೆಣ್ಣಮಕ್ಕಳ ತಲಿಗೆ ಬಂದ. ನಮ್ಮ ಪೈಕಿಯೊಳಗ ಮದವಿ ಮಾತು ಎತ್ತೂಕಿಂತ ಮದಲ ಹುಡಿಗಿ ನೆತ್ತಿಸುಳಿ ದೊಡ್ಡಪ್ಪಗ ತೋರಸಬೇಕು. ಕೂದಲು ಗುಡಿಗೆ ಪ್ರದಕ್ಷಿಣಿ ಹಾಕಿದಂಗ ಬಲಕ್ಕ ತಿರಗಿದ್ರ ಬಲಸುಳಿ, ಛಲೋ. ಉಲ್ಟಾ ತಿರಗಿದ್ರ ಎಡಸುಳಿ. ಎಡಸುಳಿ ಹುಡಿಗಿ ಹೊಕ್ಕ ಮನ್ಯಾಗ ವರ್ಷ ತುಂಬೂದ್ರಾಗ ಅತ್ತಿ ಸಾಯತಾಳಂತ. ಅತ್ತಿ ಸಾಯೂದು ಅಷ್ಟು ಸರಳಿದ್ರ ನಮ್ಮೂರ ಸೊಸ್ತ್ಯಾರು ಎಡಸುಳಿ ಕೊಡು ಅಂತ ದೇವರಿಗೆ ಹರಕಿ ಹೊರತಿದ್ರು.

ಆದ್ರ ತಲಿ ಬಿಚ್ಚಿದ ಹೆಣ್ಣಮಗಳನ್ನ ಗಂಡಸರು, ಅದರಾಗೂ ಹಿರೇರು, ನೋಡಬಾರದು. ಅದಕ್ಕೊಂದು ಹಾದಿ ಹುಡಕಿದ್ರು. ಹುಡಿಗಿ ಒಳಮನ್ಯಾಗ, ಗೋಡಿ ಮರಿಗೆ, ತಲಿ ಬಗ್ಗಿಸಿ ಕುಂಡ್ರೂದು. ದೊಡ್ಡಪ್ಪ ಪಡಸಾಲ್ಯಾಗ ಜಮಖಾನಿ ಮ್ಯಾಲ ಕುಂಡ್ರೂದು. ದೊಡ್ಡವ್ವ, ಅಂದ್ರ ಅವನ ಹೇಣ್ತಿ, ನಡುವ ಬಾಗಲದಾಗ ನಿಂತು ಕನ್ನಡಿ ಓರಿ ಮಾಡಿ ಹಿಡಿಯೂದು. ಆ ಕನ್ನಡ್ಯಾಗ ಕಂಡ ನೆತ್ತಿ ನೋಡಿ ದೊಡ್ಡಪ್ಪ ತೀರ್ಪು ಕೊಡತಿದ್ದ. ಇಪ್ಪತ್ತು ವರ್ಷ ಹಿಂಗ ನಡದಿತ್ತು. ಅಂವ ನೋಡಿದ ಹತ್ತು ಹುಡಿಗ್ಯಾರಾಗ ಒಂಬತ್ತು ಮಂದಿ ಎಡಸುಳಿ. ಇಷ್ಟು ಕೆಟ್ಟ ತಲಿ ನಮ್ಮೂರಾಗ ಹೆಂಗ ಕೂಡಿದ್ವು ಅಂತ ಒಬ್ಬರೂ ಕೇಳಲಿಲ್ಲ. ದೊಡ್ಡಪ್ಪನ ಕಣ್ಣು ಎಷ್ಟು ಸೂಕ್ಷ್ಮ ಅಂತ ಅವನ್ನ ಹೊಗಳಿದ್ರು. ಯಾರನ್ನೂ ಪಾಸ್ ಮಾಡದ ಮಾಸ್ತರನ್ನ ಬಾಳ ಶಾಣ್ಯಾ ಅಂತ ತಿಳದಂಗ.

ನಮ್ಮಕ್ಕಗ ಆವಾಗ ಹದಿನೇಳು. ಗದಗಿಂದ ಒಂದು, ಶಿರಹಟ್ಟಿಯಿಂದ ಒಂದು ಸಂಬಂಧ ಬಂದಿದ್ವು. ಎರಡೂ ಸಲ ದೊಡ್ಡಪ್ಪ ಕನ್ನಡಿ ನೋಡಿ ಎಡಸುಳಿ ಅಂದ. ಎರಡೂ ಕಡೆ ವರನ ತಾಯಂದ್ರು ಜೀವಾ ಉಳಸ್ಕೊಂಡು ಓಡಿದ್ರು. ಆಮ್ಯಾಲ ದೊಡ್ಡಪ್ಪ ತಾನ ಒಂದು ವರಾ ತಂದ. ಅವನ ತಂಗಿಯನ್ನ ಹೊಂಬಳಕ್ಕ ಕೊಟ್ಟಿದ್ರು, ಆಕಿ ಮೂರು ಮಕ್ಕಳನ್ನ ಬಿಟ್ಟು ತೀರಿದ್ಲು. ಆ ತಂಗಿ ಗಂಡಗ ನಮ್ಮಕ್ಕನ್ನ ಕೊಡೂದು. ಅಂವಗ ನಲವತ್ತು ದಾಟಿದ್ವು. ನಶ್ಯಾ ಏರಸ್ತಿದ್ದ, ಮಾತಾಡಿದ್ರ ಎದರಿಗಿನವರು ಶೀನತಿದ್ರು.

“ಅವಗ ತಾಯಿ ಇಲ್ಲ, ತಮ್ಮಾ” ಅಂದ ದೊಡ್ಡಪ್ಪ ನಮ್ಮಪ್ಪಗ. “ಎಡಸುಳಿ ಕಾಡತೈತಿ ಅಂದ್ರ ಕಾಡಾಕ ಅಲ್ಲಿ ಅತ್ತೀನ ಇಲ್ಲ. ಇಂಥಾ ಮನಿ ನಿನಗ ಎಲ್ಲಿ ಸಿಗತೈತಿ?”

ಅಪ್ಪ ಹೂಂ ಅಂದ. ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಕಚೇರ್ಯಾಗ ಕಾರಕೂನ ಅಂವ. ನಾ ಹುಟ್ಟಿದಾಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಾಗಿತ್ತು, ಮಗ್ಗಲದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನ, ಗದಗ ಇಂಗ್ಲಿಷರದು. ಸ್ವಾತಂತ್ರ್ಯ ಬಂತು, ರಾಜರು ಹೋದ್ರು, ನಾವು ಮುಂಬಯಿಗೆ ಸೇರಿದ್ವಿ. ಮತ್ತ ಒಂಬತ್ತು ವರ್ಷಕ್ಕ ಕನ್ನಡ ನಾಡು ಒಂದಾತು, ಮೈಸೂರಿಗೆ ಸೇರಿದ್ವಿ. ಅಪ್ಪ ಕುಂತ ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ಸರಕಾರದ ಶಿಕ್ಕಾ ಒಂದ ಕೈಲೆ ಒತ್ತಿದ, ಮೂರಕ್ಕೂ ಹೂಂ ಅಂದ. ಅಂಥಾಂವ ದೊಡ್ಡಪ್ಪಗ ಇಲ್ಲ ಅಂತಾನೇನು?

ಅಕ್ಕ ಅಳಲಿಲ್ಲ. ಜ್ವಾಳಾ ಹಸನ ಮಾಡಾಕ ಕುಂತ್ರ ಕಲ್ಲು-ಹಳ್ಳು ಕೇರೂ ಮರದಾಗ ಬಿಟ್ಟು ಜ್ವಾಳಾ ಹೊರಗ ಒಗೀತಿದ್ಲು. ಅವ್ವ ಅದನ್ನ ಸುಮ್ನ ಮತ್ತ ಆರಸ್ತಿದ್ಲು. ಅಮವಾಸಿ ಕಳದ ಮ್ಯಾಲ ಹೊಂಬಳದವರು ಉಡಿ ತುಂಬಾಕ ಬರೂದು ಅಂತ ಆತು. ಉಡಿ ತುಂಬಿದ್ರಂದ್ರ ಮುಗೀತು, ಆಮ್ಯಾಲ ಮಾತು ತಿರಗಸೂಹಂಗಿಲ್ಲ.

ರಾಜ್ಯ ಒಂದಾದದ್ದೂ ಆ ದಿನದಾಗ. ಬಜಾರದಾಗ ಸಕ್ಕರಿ ಹಂಚಿದ್ರು. ದೊಡ್ಡಪ್ಪ ಎರಡು ಸಲ ಇಸಗೊಂಡು ತಿಂದು, “ರಾಜ್ಯ ಯಾವುದರ ಆಗಲಿ, ಎಡಸುಳಿ ಎಡಸುಳೀನ” ಅಂದ. ಸಾಲ್ಯಾಗ ಹೊಸಾ ನಕಾಶಿ ಬಂತು. ನಮ್ಮ ಮಾಸ್ತರು ಒಬ್ಬರ, ತರಗತಿ ಎರಡು. ದೊಡ್ಡ ಹುಡಿಗ್ಯಾರು ಖೋಲ್ಯಾಗ, ನಾವು ಹೊರಗ ಕಟ್ಟಿ ಮ್ಯಾಲ, ಮಾಸ್ತರು ನಡುವ ಹೊಸ್ತಲದಾಗ. ಎರಡೂ ಕಡೆಯವರಿಗೆ ಒಂದ ಛಡಿ.

“ನಿಮ್ಮ ನಾಡು ಎಷ್ಟು ದೊಡ್ಡದಾತು ನೋಡ್ರಿ” ಅಂತ ಭಾಷಣ ಮಾಡಿದ್ರು. ಆಮ್ಯಾಲ ಕಿಸೆದಾಗಿಂದ ಮಡಚಿದ ಹಾಳಿ ತಗದ್ರು. ರದ್ದಿಯೊಳಗ ಸಿಕ್ಕ ಇಂಗ್ಲಿಷ್ ಮಾಸಿಕದ ಹಾಳಿ ಅದು. “ಇದಕ್ಕಿಂತ ದೊಡ್ಡದು ತೋರಸ್ತೀನಿ. ಇದರಾಗ ಕೋಟಿ ಕೋಟಿ ಸೂರ್ಯ ಅದಾವು. ಇಂಥವು ಸಾವಿರ ಕೂಡಿ ಒಂದು ಗುಂಪಾಗ್ಯಾವು. ಆಕಾಶದಾಗಿನ ಆ ಜಾಗಾಕ್ಕ ಬಿಳೇ ಮಂದಿ ರಾಣಿ ಕೂದಲಾ ಅಂತ ಹೆಸರಿಟ್ಟಾರ.”

“ಅಷ್ಟೂ ಕೂಡಿದ್ರ ರಾಜಧಾನಿ ಯಾವುದ್ರಿ ಮಾಸ್ತರ್ರ?” ಅಂತ ನಾ ಕೇಳಿದೆ.

ಒಂದು ಛಡಿ ಬಿತ್ತು. ಎಲ್ಲಾ ಸರಕಾರದಾಗೂ ನನಗ ಅದು ಬಿದ್ದೈತಿ.

ಮಾಸ್ತರು ಹಾಳಿಯನ್ನ ಬಿಸಲಿಗೆ ಎತ್ತಿ ಹಿಡದ್ರು. ಕರೀ ಕಾಗದದಾಗ ಬೆಳ್ಳಗ ಸುರುಳಿ. ಒಳಗಿನವರ ಕಡೆ ಚಿತ್ರದ ಮಾರಿ, ನಮ್ಮ ಕಡೆ ಹಾಳಿ ಬೆನ್ನು. ಹಾಳಿ ಎಷ್ಟು ತೆಳ್ಳಗಿತ್ತಂದ್ರ ಬೆನ್ನಿಗೂ ಎಲ್ಲಾ ಕಾಣತಿತ್ತು. “ಯಾ ಕಡೆ ತಿರಗೇತಿ ಹೇಳ್ರಿ” ಅಂದ್ರು. ಒಳಗಿನವರು ಬಲಕ್ಕ ಅಂದ್ರು. ನಾವು ಎಡಕ್ಕ ಅಂದ್ವಿ. ಮಾಸ್ತರು ಹೊರಗಿನವರಿಗೆಲ್ಲಾ ಸಾಲಾಗಿ ಬಡಿಯಾಕ ಹತ್ತಿದ್ರು. ನನ್ನ ಪಾಳೆ ಬಂದಾಗ ಅಂದೆ: “ಬಡೀರಿ ಮಾಸ್ತರ್ರ, ಆದ್ರ ಒಂದು ಸಲ ಇಲ್ಲೆ ಬಂದು ನಿಂತು ನೋಡಿ ಬಡೀರಿ.”

ಒಬ್ಬಾಕಿ ಕೈಯಾಗ ಹಾಳಿ ಹಿಡಸಿ, ಬಂದು ನಿಂತ್ರು, ನೋಡಿದ್ರು. ಒಳಗ ಹೋದ್ರು, ನೋಡಿದ್ರು. ಮತ್ತ ಹೊರಗ ಬಂದ್ರು. ಛಡಿ ಬಗಲಾಗ ಇಟಗೊಂಡು, ಗಂಟಲಾ ಸರಿಮಾಡಿ ಹೇಳಿದ್ರು: “ಇದನ್ನ ನೀವು ಕಂಡು ಹಿಡೀತೀರೋ ಇಲ್ಲೋ ಅಂತ ನೋಡಿದೆ. ಇದರ ಆಚೆ ಕಡೆ ಯಾರರ ಇದ್ರ ಅವರಿಗೆ ಇದು ಎಡಕ್ಕ ತಿರಗೇತಿ. ಎಡಾ ಬಲಾ ಅದಕ್ಕಿಲ್ಲ. ನೋಡಾವ ಎಲ್ಲೆ ನಿಂತಾನ ಅನ್ನೂದರ ಮ್ಯಾಲ ಐತಿ.” ಬಡಿಸಿಕೊಂಡ ಕೈಗೆ ಏನೂ ಹೇಳಲಿಲ್ಲ. ಆ ಹಾಳಿಯನ್ನ ನಾ ಅವತ್ತ ಸಂಜಿಮುಂದ ಕದ್ದೆ.

ಕದ್ದದ್ದು ವಿಚಾರ ಮಾಡಿ ಅಲ್ಲ, ಸಿಟ್ಟಿಲೆ. ಮನಿಗೆ ಬಂದು ಎಲ್ಲಿ ಮುಚ್ಚಿಡಲಿ ಅಂತ ಕನ್ನಡಿ ಹಿಂದ ಸಿಗಸಾಕ ಹೋದೆ. ಹಾಳಿ ಕನ್ನಡಿ ಮುಂದ ಹಾದಾಗ ಒಳಗ ಸುರುಳಿ ಎಡಕ್ಕ ತಿರಗಿತ್ತು. ಕೈಯಾಗ ಬಲಕ್ಕ, ಕನ್ನಡ್ಯಾಗ ಎಡಕ್ಕ. ಕನ್ನಡಿ ಅಂದ್ರ ಆಚೆ ಕಡೆ ನಿಂತಾವ. ಅಕ್ಕ ಹಿತ್ತಲದಾಗ ತಲಿ ಎರಕೊಂಡು ಇಳಿಬಿಸಲಿಗೆ ಕೂದಲಾ ಹರವಿಕೊಂಡು ಕುಂತಿದ್ಲು. ಓಡಿ ಹೋಗಿ ನೆತ್ತಿ ಬಗದು ನೋಡಿದೆ.

“ಹೇನ ಏನ?” ಅಂದ್ಲು ಅಕ್ಕ.

“ಪ್ರದಕ್ಷಿಣಿ” ಅಂದೆ.

ಅವ್ವಗ ಹೇಳಿದೆ. “ದೊಡ್ಡಪ್ಪಗಿಂತ ಶಾಣ್ಯಾಕಿ ಆಗೀಯೇನ” ಅಂತ ತಲಿಗೊಂದು ಕೊಟ್ಲು. ಹದಿನೇಳು ವರ್ಷ ದಿನಾ ಆ ತಲಿ ಹಿಕ್ಕಿ ಹೆಳಲು ಹಾಕಿದಾಕಿ ಅವ್ವ. ಅದರಾಗ ಹೇನು ಕಂಡಿದ್ಲು, ಸೀರು ಕಂಡಿದ್ಲು, ಸುಳಿ ಕಂಡಿರಲಿಲ್ಲ. ಸುಳಿ ನೋಡಾಕ ಗಂಡಸರ ಕಣ್ಣು ಬೇಕು ಅಂತ ತಿಳದಿದ್ಲು. ಇದಕ್ಕ ನಾ ಅವ್ವನ್ನ ಇನ್ನೂ ಕ್ಷಮಾ ಮಾಡಿಲ್ಲ.

ಅಮವಾಸಿ ಕಳದ ಮರುದಿನಾ ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಉಡಿ ತುಂಬೂ ದಿನಾ ಗೊತ್ತು ಮಾಡಾಕ ನಮ್ಮ ಮನಿಗೆ ಬಂದ್ರು. ಶೇಂಗಾ ಹೋಳಿಗಿ ಊಟ ಆತು. ದೊಡ್ಡಪ್ಪ ಜಮಖಾನಿ ಮ್ಯಾಲ ಲೋಡಿಗೆ ಒರಗಿ ಎಲಿಗೆ ಸುಣ್ಣಾ ಹಚ್ಚಾಕ ಹತ್ತಿದ್ದ. ಅಪ್ಪ ಪಂಚಾಂಗ ಹಿಡಕೊಂಡು ಬಾಜೂಕ. ನಾ ಹೋಗಿ ನಿಂತೆ.

“ದೊಡ್ಡಪ್ಪಾ, ಒಳಗ ಒಬ್ಬಾಕಿ ಬಂದಾಳ್ರಿ. ಒಂದೀಟು ಸುಳಿ ನೋಡಿ ಹೇಳ್ರೆಲ್ಲಾ.”

“ಯಾರ ಪೈಕಿ?”

“ಬಾಳ ದೊಡ್ಡ ಮನೆತನರಿ. ಸಾವಿರಾರು ಮಂದಿ ಒಂದ ಕಡೆ ಇರತಾರ.”

“ಯಾ ಊರು?”

“ದೂರದವರ್ರಿ.”

ದೊಡ್ಡ ಮನೆತನ ಅಂದಕೂಡ್ಲೆ ದೊಡ್ಡಪ್ಪ ಎದ್ದು ಕುಂತ. “ಕನ್ನಡಿ ತಾ” ಅಂದ ದೊಡ್ಡವ್ವಗ. ದೊಡ್ಡವ್ವ ಕನ್ನಡಿ ತಗೊಂಡು ನಡುವಿನ ಬಾಗಲಕ್ಕ ಬಂದ್ಲು. ಅಷ್ಟರಾಗ ನಾ ಒಳಗ ಓಡಿ, ಗೋಡಿ ಮರಿಗೆ ಅವ್ವನ ಕರೀ ಸೀರಿ ಗಂಟು ಮಾಡಿ, ಅದರ ನಡುವ ಹಾಳಿ ಸಿಗಸಿ ಕುಂತಿದ್ದೆ. ದೊಡ್ಡವ್ವ ಹಾಳಿ ನೋಡಿದ್ಲು, ನನ್ನ ನೋಡಿದ್ಲು. ಬಾಯಾಗಿನ ಎಲಿ ಒಂದು ಗಲ್ಲದಿಂದ ಇನ್ನೊಂದು ಗಲ್ಲಕ್ಕ ಸರಿಸಿ, ಕನ್ನಡಿ ಓರಿ ಮಾಡಿ ಅಲಗಾಡದಂಗ ಹಿಡದ್ಲು. ಇಪ್ಪತ್ತು ವರ್ಷ ಕೈ ನೋಯಿಸಿಕೊಂಡಾಕಿ, ಒಂದು ದಿನಾ ಮಜಾ ನೋಡೂಣು ಅನ್ನಿಸಿರಬೇಕು.

ದೊಡ್ಡಪ್ಪ ಕಣ್ಣು ಸಣ್ಣ ಮಾಡಿದ. “ತಲಿತುಂಬ ಹೊಟ್ಟು ಐತೆಲ್ಲಾ. ಸೀಗಿಕಾಯಿ ಹಚ್ಚಂತ ಹೇಳ ಆಕಿಗೆ.”

“ಹೇಳ್ತೀನ್ರಿ.”

“ಒಂದ ಅಲ್ಲ... ಸುತ್ತ ಸಣ್ಣ ಸಣ್ಣವು ನಾಕೈದು ಸುಳಿ ಅದಾವು. ತಮ್ಮಾ, ಇಂಥಾ ತಲಿ ನನ್ನ ಜನ್ಮದಾಗ ಕಂಡಿಲ್ಲ.” ಆಮ್ಯಾಲ ಲೋಡಿಗೆ ಒರಗಿ ತೀರ್ಪು ಕೊಟ್ಟ: “ನಡುವಿಂದು ಎಡಸುಳಿ. ಪಕ್ಕಾ ಎಡಸುಳಿ. ಇದು ಅತ್ತಿಗೆ ನಿಲ್ಲೂದಿಲ್ಲ. ಮಾವ ಹೋಗತಾನ, ಮೈದುನರು ಹೋಗತಾರ. ವರ್ಷ ಅಲ್ಲ, ಆರು ತಿಂಗಳು. ಯಾರ ಮನಿ ಹಾಳು ಮಾಡಾಕ ಹುಟ್ಟ್ಯಾಳೋ ಪುಣ್ಯಾತಗಿತ್ತಿ.”

ನಾ ಹಾಳಿ ಬಿಚ್ಚಿ ತಂದು ಪಂಚಾಂಗದ ಮ್ಯಾಲ ಇಟ್ಟೆ.

“ಏನಿದು?” ಅಂದ ಅಪ್ಪ.

“ಆ ಹುಡಿಗಿ.”

“ಇದು ಆಕಾಶದಾಗಿಂದು” ಅಂದ ಅಪ್ಪ. ಇಂಗ್ಲಿಷ್ ನಾಕಕ್ಷರ ಅವಗ ಬರತಿದ್ವು, ತಳಗಿಂದು ಓದಿದ.

“ಯಾ ಕಡೆ ತಿರಗೇತಿ ಹೇಳಪ್ಪಾ.”

“ಬಲಕ್ಕ.”

ದೊಡ್ಡವ್ವ ಯಾರೂ ಹೇಳದಿದ್ರೂ ಕನ್ನಡಿ ತಂದು ಹಾಳಿ ಮುಂದ ಹಿಡದ್ಲು. ಅಪ್ಪ ಕನ್ನಡ್ಯಾಗ ನೋಡಿದ. ಬಾಳ ಹೊತ್ತು ನೋಡಿದ. “ಎಡಕ್ಕ” ಅಂದ.

ದೊಡ್ಡಪ್ಪನ ಕೈಯಾಗಿನ ಎಲಿ ಮ್ಯಾಲ ಸುಣ್ಣಾ ಒಣಗಾಕ ಹತ್ತಿತ್ತು. ಮದಲ ಮಾತಾಡಿದಾಕಿ ದೊಡ್ಡವ್ವ.

“ನನ್ನ ಸೊಸಿನ್ನೂ ಹಿಂಗ ನೋಡಿ ಅಲ್ಲೇನ್ರಿ ತಂದದ್ದು? ಹತ್ತರಾಗ ಒಬ್ಬಾಕಿ ಸಿಕ್ಕಳು, ಬಲಸುಳಿ ಅಂತ?”

“ನೀ ಸುಮ್ನಿರು.”

“ಅಂದ್ರ ಆಕೀದು ಖರೆ ನೋಡಿದ್ರ ಎಡಸುಳಿ. ನಾಕು ವರ್ಷ ಆತು ಆಕಿ ಬಂದು.” ತನ್ನ ರಟ್ಟಿ ತಾನ ಮುಟ್ಟಿ ನೋಡಿಕೊಂಡ್ಲು. ಎಮ್ಮಿ ಹಂಗ ಗಟ್ಟಿ ಇದ್ಲು. “ನಾ ಸಾಯಬೇಕಿತ್ತು. ಆ ಕನ್ನಡಿ ಹಿಡಕೊಂಡು ನಿಂತಾಕೀನೂ ನಾನ.”

ಅಂವ ಆವಾಗರ ಒಪ್ಪಬೇಕಿತ್ತಿಲ್ಲೋ? ಕನ್ನಡಿ ಖರೆ ಅಂದ್ರ ನಮ್ಮಕ್ಕ ಕೆಟ್ಟಾಕಿ. ಕನ್ನಡಿ ಸುಳ್ಳಂದ್ರ ತನ್ನ ಸೊಸಿ ಎಡಸುಳಿ, ತನ್ನ ಹೇಣ್ತಿ ಸಾಯದ ಉಳದು ತನ್ನ ಶಾಸ್ತ್ರಾನ ಸುಳ್ಳು ಮಾಡ್ಯಾಳ. ಒಂದೀಟು ವಿಚಾರ ಮಾಡಿ ಅಂದ: “ಹಾಳಿ ಉಲ್ಟಾ ಛಾಪಿಸ್ಯಾರ. ಇಂಗ್ಲಿಷ್ ಮಂದೀದು ಎಲ್ಲಾ ಉಲ್ಟಾ. ಕನ್ನಡಿ ಯಾವತ್ತೂ ಸುಳ್ಳು ಹೇಳೂದಿಲ್ಲ. ತಮ್ಮಾ, ನೀ ದಿನಾ ಹೇಳು. ಸೋಮವಾರ ಆತೇನು?”

ಅಪ್ಪ ಹೂಂ ಅನ್ನಲಿಲ್ಲ. ಪಂಚಾಂಗ ಬಾಜೂಕ ಇಟ್ಟು ಎದ್ದು ಒಳಗ ಬಂದ. ಅಕ್ಕ ಅಡಗಿಮನಿ ಬಾಗಲ ಹಿಂದ ನಿಂತಿದ್ಲು. “ತಲಿ ಬಿಚ್ಚವ್ವಾ” ಅಂದ. ಅವ್ವ, “ಏನ ಮಾಡ್ತೀರಿ, ದೊಡ್ಡ ಮಗಳಾಕಿ” ಅಂದ್ಲು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಅಕ್ಕನ್ನ ಬೆಳಕಿಂಡಿ ತಳಗ ನಿಂದ್ರಿಸಿ, ಮಸಿ ಹತ್ತಿದ ಬೆರಳಿಲೆ ಕೂದಲಾ ಬಗದ. ಅಕ್ಕ ದೊಡ್ಡಾಕಿ ಆದ ಮ್ಯಾಲ ಅಪ್ಪ ಆಕಿ ತಲಿ ಮುಟ್ಟಿದ್ದನ್ನ ನಾ ಕಂಡಿರಲಿಲ್ಲ. ಒಂದು ಸಲ ನೋಡಿದ, ತಿರಗಿ ಇನ್ನೊಂದು ಸಲ ನೋಡಿದ.

ಹೊರಗ ಹೋಗಿ ಅಂದ: “ಅಣ್ಣಾ, ಹೊಂಬಳಕ್ಕ ನಾನ ಹೇಳಿ ಕಳಸ್ತೀನಿ, ಇದು ಆಗೂದಿಲ್ಲಂತ. ನೀವು ಚಾ ಕುಡದು ಹೋಗ್ರಿ.”

ದೊಡ್ಡಪ್ಪ ಚಾ ಕುಡಿಯಲಿಲ್ಲ. ದೊಡ್ಡವ್ವ ಕುಡದ್ಲು, ಅವನ ಪಾಲಿಂದೂ ಕುಡದ್ಲು.

ನಾ ಕುಣಿಯಾಕ ಹತ್ತಿದ್ದೆ. ಅಕ್ಕ ಕುಣಿಯಲಿಲ್ಲ. ಬಿಚ್ಚಿದ ಕೂದಲಾ ಕಟ್ಟಿಕೋತ ಅಪ್ಪನ್ನ ಕೇಳಿದ್ಲು: “ಎಡಕ್ಕಿದ್ರ ಕೊಡತಿದ್ಯೇನಪ್ಪಾ?”

ಅಪ್ಪ ಕಚೇರಿಗೆ ಹೊತ್ತಾತು ಅಂದ. ಅವತ್ತು ಐತವಾರ.

ದೊಡ್ಡಪ್ಪ ಸುಳಿ ನೋಡೂದು ಬಿಡಲಿಲ್ಲ, ಜನಾನೂ ಬಿಡಲಿಲ್ಲ. ಕನ್ನಡಿ ಹಿಡಿಯಾಕ ದೊಡ್ಡವ್ವ ಒಲ್ಲೆ ಅಂದ್ಲು, ಬ್ಯಾರೆ ಯಾರೋ ಹಿಡದ್ರು. ತೊಂಬತ್ತು ವರ್ಷ ಬದಕಿದ. ಇಂಥವರಿಗೆ ಆಯುಷ್ಯ ಬಾಳ. ಸಾಲ್ಯಾಗ ಮಾತ್ರ ನಾವು ಹುಡಿಗ್ಯಾರು ಮಧ್ಯಾನ್ನದ ಸೂಟಿಯೊಳಗ ಒಬ್ಬರ ತಲಿ ಒಬ್ಬರು ಬಗದು ನೋಡಿಕೊಂಡ್ವಿ. ನಂದು ಯಾ ಕಡೆ ಐತಿ ಅಂತ ನಾ ಯಾರಿಗೂ ಹೇಳಿಲ್ಲ. ನಮ್ಮತ್ತಿ ಎಂಬತ್ತೆಂಟಕ್ಕ ಹೋದ್ಲು, ಹೋಗೂತನಕಾ ನನ್ನ ರೊಟ್ಟಿ ದಪ್ಪ ಅಂದ್ಲು.

ಮುಂದಿನ ವರ್ಷ ಬೆಟಗೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಕೈಮಗ್ಗದ ಸೀರಿ ನೇಯಾಂವ. ಅವನ ತಾಯಿ ಅವಲಕ್ಕಿ ತಿಂದು, ಕೈ ತೊಳಕೊಂಡು ಅಂದ್ಲು: “ಹುಡಿಗಿ ನೆತ್ತಿಸುಳಿ ಒಂದು ನೋಡಬೇಕಿತ್ತಲ್ರಿ.”

ಅವ್ವ ನೆಲಾ ನೋಡಿದ್ಲು. ಒಳಗಿಂದ ಅಕ್ಕ ಅಂದ್ಲು: “ತೋರಸ್ತೀನ್ರಿ ಅತ್ತೀ. ಮದಲ ನಿಮ್ಮ ಮಗಂದು ತೋರಸ್ರಿ.”

ಹುಡುಗ ತಾಯಿ ಮಾರಿ ನೋಡಿದ, ಬಾಗಲಾ ನೋಡಿದ, ಬಿಳೇ ಟೊಪಗಿ ತಗದ. ಇಪ್ಪತ್ತಾರು ವರ್ಷದಾವನ ತಲಿ ಹಣಿಯಿಂದ ನೆತ್ತೀತನಕಾ ನುಣ್ಣಗ. ಒಂದು ಕೂದಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಒಳಗ ಅಕ್ಕ ನಕ್ಕಳು. ಅಷ್ಟು ದಿನದ ಮ್ಯಾಲ ಆಕಿ ನಕ್ಕದ್ದು ಅದ ಮದಲು. ಹೊರಗ ಅವನೂ ನಕ್ಕ. ತಾಯಿ ಸುಳಿ ಮಾತು ಮತ್ತ ಎತ್ತಲಿಲ್ಲ.

ಮದವಿ ಆಗಿ ಅಕ್ಕ ಬೆಟಗೇರಿಗೆ ಹೊಂಟಾಗ ಅಪ್ಪ ಬಸ್ಸಿನತನಕಾ ಬಂದ. ಟ್ರಂಕು ಏರಿಸಿ, ಕಿಡಕಿ ಹಂತ್ಯಾಕ ನಿಂತು, ಹೆಗಲ ಮ್ಯಾಗಿನ ವಲ್ಲಿ ತಗದು ಮತ್ತ ಹಾಕಿಕೊಂಡು, ವರ್ಷದ ಹಿಂದ ಅಕ್ಕ ಕೇಳಿದ ಪ್ರಶ್ನಿಗೆ ಅವತ್ತು ಉತ್ತರ ಕೊಟ್ಟ.

“ಎಡಕ್ಕಿದ್ರೂ ಕೊಡತಿರಲಿಲ್ಲವ್ವಾ ನಾ.”

“ಈಗ ಹೇಳೂದು ಸರಳ ಐತಪ್ಪಾ” ಅಂದ್ಲು ಅಕ್ಕ. ಕಿಡಕ್ಯಾಗಿಂದ ಕೈ ಚಾಚಿ ಅವನ ವಲ್ಲಿ ಸರಿ ಮಾಡಿದ್ಲು. ಬಸ್ಸು ಹೊಂಟತು.